ರಕ್ತ ಎಲ್ಲಿ ಹೆಪ್ಪುಗಟ್ಟಿದೆ ಎಂಬ ಪ್ರಶ್ನೆ

ಆರ್ಮಾಂ ಟ್ರೂಸೋ ಪ್ಯಾರಿಸ್‌ನ ದೊಡ್ಡ ವೈದ್ಯರು. ಹೊಟ್ಟೆಯ ಕಾಯಿಲೆ ಏನೆಂದು ತಿಳಿಯದೆ ಒದ್ದಾಡುವಾಗ, ರೋಗಿಯ ಕೈಯಲ್ಲೋ ಕಾಲಲ್ಲೋ ರಕ್ತನಾಳ ಊದಿ ಹೆಪ್ಪುಗಟ್ಟಿದರೆ ಅದು ಕ್ಯಾನ್ಸರ್ ಎಂದೇ ತಿಳಿಯಿರಿ ಎಂದು ಅವರು ವಿದ್ಯಾರ್ಥಿಗಳಿಗೆ ಹೇಳಿದ್ದರು. 1867ರ ಜನವರಿಯಲ್ಲಿ ಅದೇ ಲಕ್ಷಣ ಅವರ ಮೈಮೇಲೆಯೇ ಕಾಣಿಸಿತು. ಅರ್ಥ ಅವರಿಗೆ ತಕ್ಷಣ ಗೊತ್ತಾಯಿತು. ಜೂನ್‌ನಲ್ಲಿ ಜಠರದ ಕ್ಯಾನ್ಸರ್‌ನಿಂದ ತೀರಿಕೊಂಡರು.

ಕ್ಯಾನ್ಸರ್‌ಗೂ ಹೆಪ್ಪಿಗೂ ಏನು ನಂಟು? ಗಾಯವಾದಾಗ ರಕ್ತವನ್ನು ಗಟ್ಟಿ ಮಾಡಲು ಶುರುಹಚ್ಚುವ ಪ್ರೋಟೀನೊಂದಿದೆ, ಟಿಶ್ಯೂ ಫ್ಯಾಕ್ಟರ್ ಅಂತ. ಹಲವು ಕ್ಯಾನ್ಸರ್ ಕೋಶಗಳು ಗಾಯವೇ ಇಲ್ಲದೆ ಅದನ್ನು ಹೊರಹಾಕುತ್ತವೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಲ್ಲಿ ಇದು ಜಾಸ್ತಿ.

ಆದರೆ ಕಾಲಲ್ಲಿ ಹೆಪ್ಪು ಕಟ್ಟಿದವರೆಲ್ಲ ಹೆದರಬೇಕಿಲ್ಲ. ಆಪರೇಷನ್ ಆದಮೇಲೆ, ತುಂಬಾ ದಿನ ಮಲಗಿದ್ದಾಗ ಹಾಗಾಗುವುದುಂಟು. ಕಾರಣವೇ ಸಿಗದ ಹೆಪ್ಪಿದ್ದ 854 ಜನರ ಮೇಲೆ ಕೆನಡಾದಲ್ಲಿ ನಡೆದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಒಂದು ವರ್ಷದಲ್ಲಿ ಕ್ಯಾನ್ಸರ್ ಕಂಡದ್ದು ಸುಮಾರು 4% ಮಂದಿಗೆ. ಸುಮಾರು ಅರ್ಧದಷ್ಟು ಮಂದಿಗೆ ಹೊಟ್ಟೆಯ ಸಿಟಿ ಸ್ಕ್ಯಾನ್ ಕೂಡ ಮಾಡಿಸಿದ್ದರಿಂದ ಹೆಚ್ಚಿನ ಲಾಭ ಆಗಲಿಲ್ಲ. ಹೆಪ್ಪು ಮೆದುಳಿನ ನಾಳದಲ್ಲಾದರೆ, ಹೆಂಗಸರಲ್ಲಿ ಮೊದಲು ಕೇಳಬೇಕಾದದ್ದು ಬಾಣಂತನ ಮತ್ತು ಗರ್ಭನಿರೋಧಕ ಮಾತ್ರೆಯ ಬಗ್ಗೆ.

ಹೊಟ್ಟೆಯ ಒಳಗಿನ ನಾಳಗಳ ಕತೆ ಬೇರೆ. ಕರುಳಿನಿಂದ ಲಿವರ್‌ಗೆ ರಕ್ತ ತರುವ ನಾಳ, ಲಿವರ್‌ನಿಂದ ಹೃದಯದ ಕಡೆಗೆ ಒಯ್ಯುವ ನಾಳ, ಇವು ಸುಮ್ನೆ ಮುಚ್ಚಿಕೊಳ್ಳುವುದಿಲ್ಲ. ಲಿವರ್ ಸಿರೋಸಿಸ್, ಅಂದರೆ ಲಿವರ್ ಹಾಳಾಗಿ ಗಟ್ಟಿಯಾಗುವ ಕಾಯಿಲೆ, ಇದ್ದರೆ ಕಾರಣ ಅದೇ ಇರಬಹುದು. ಅದಿಲ್ಲದಿದ್ದರೆ? ಲಿವರ್‌ನಿಂದ ಹೊರಡುವ ನಾಳ ಕಟ್ಟಿಕೊಂಡರೆ ಅದು ಬಡ್-ಕಿಯಾರಿ ಕಾಯಿಲೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಇಂಥ 10 ರೋಗಿಗಳಲ್ಲಿ ಸುಮಾರು 4 ಮಂದಿಗೆ ಮೂಳೆಯ ಮಜ್ಜೆಯಲ್ಲಿ ನಿಧಾನವಾಗಿ ಬೆಳೆಯುವ ರಕ್ತದ ಕ್ಯಾನ್ಸರ್ ಇತ್ತು.

ಇದು ಅಡಗಿ ಕೂರುವ ಬಗೆಯೇ ನನ್ನನ್ನು ಬಹಳ ಕಾಡುತ್ತದೆ. ಮಜ್ಜೆ ರಕ್ತಕಣಗಳನ್ನು ಅತಿಯಾಗಿ ತಯಾರಿಸುತ್ತಿರುತ್ತದೆ. ಆದರೆ ನಾಳ ಮುಚ್ಚಿ ಒತ್ತಡ ಏರಿ ಗುಲ್ಮ (ಸ್ಪ್ಲೀನ್) ಊದಿಕೊಂಡಿರುತ್ತದೆ, ಹೆಚ್ಚಾದ ಕಣಗಳನ್ನು ಅದು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ರಕ್ತಪರೀಕ್ಷೆಯ ರಿಪೋರ್ಟ್ ನಾರ್ಮಲ್ ಅಂತ ಬರುತ್ತದೆ. ಯಾರಿಗೆ ತಾನೇ ಅನುಮಾನ ಬಂದೀತು, ಅಲ್ವಾ?

ಇಂಥ ಹಲವು ಕ್ಯಾನ್ಸರ್‌ಗಳ ಹಿಂದಿರುವ ಜಾಕ್2 ಜೀನ್‌ನ ಬದಲಾವಣೆ 2005ರಲ್ಲಿ ಪತ್ತೆಯಾಯಿತು. ಹಾಗಾಗಿ ಈಗ ಹೊಟ್ಟೆಯ ನಾಳದಲ್ಲಿ ಕಾರಣವಿಲ್ಲದೆ ಹೆಪ್ಪು ಕಂಡರೆ, ಕಣಗಳ ಲೆಕ್ಕ ಸರಿಯಿದ್ದರೂ ವೈದ್ಯರು ಆ ಜೀನ್ ನೋಡಲು ಇನ್ನೊಂದಿಷ್ಟು ರಕ್ತ ತೆಗೆದುಕೊಳ್ಳುತ್ತಾರೆ.