ಐದು ವರ್ಷ ಮುಗಿದ ರಸ್ತೆ ಯಾರ ಲೆಕ್ಕಕ್ಕೆ?

ಹಳ್ಳಿ ರಸ್ತೆ ಕಿತ್ತುಹೋದಾಗ ಜನ ಮೊದಲು ಹೋಗುವುದು ಗ್ರಾಮ ಪಂಚಾಯಿತಿಗೆ. ಪಿಡಿಒ ‘ಅದು ಜಿಲ್ಲಾ ಪಂಚಾಯಿತಿ ರಸ್ತೆ’ ಎನ್ನುತ್ತಾರೆ. ಪಂಚಾಯತ್ ರಾಜ್ ಇಂಜಿನಿಯರಿಂಗ್ ಉಪವಿಭಾಗದಲ್ಲಿ ವಿಚಾರಿಸಿದರೆ ‘ಅದು ಲೋಕೋಪಯೋಗಿಗೆ ಮೇಲ್ದರ್ಜೆಗೇರಿದೆ’ ಎಂಬ ಉತ್ತರ ಸಿಗುತ್ತದೆ. ಲೋಕೋಪಯೋಗಿಯವರು ‘ಆದೇಶವಾಗಿದೆ, ಹಸ್ತಾಂತರ ಆಗಿಲ್ಲ’ ಎಂದು ಕೈತೊಳೆದುಕೊಳ್ಳುತ್ತಾರೆ. ವಿಚಿತ್ರವೆಂದರೆ ಮೂವರೂ ಸುಳ್ಳು ಹೇಳುತ್ತಿಲ್ಲದಿರಬಹುದು. ಹಾಗಾಗಿ ಗುಂಡಿಯ ಫೋಟೊ ತೆಗೆಯುವ ಮೊದಲು ಗೊತ್ತುಮಾಡಿಕೊಳ್ಳಬೇಕಾದದ್ದು, ಈ ರಸ್ತೆ ಇವತ್ತು ಯಾರ ರಿಜಿಸ್ಟರಿನಲ್ಲಿದೆ ಎಂಬುದನ್ನು.

ಕರ್ನಾಟಕದಲ್ಲಿ ಹಂಚಿಕೆ ಸ್ಥೂಲವಾಗಿ ಹೀಗಿದೆ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯರಸ್ತೆ ಲೋಕೋಪಯೋಗಿ ಇಲಾಖೆಯವು. ಊರಿಂದೂರಿಗೆ ಜೋಡಿಸುವ ಗ್ರಾಮೀಣ ರಸ್ತೆಗಳು ಜಿಲ್ಲಾ ಪಂಚಾಯಿತಿಯವು, ಕೆಲಸ ಮಾಡಿಸುವವರು ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದವರು. ಊರೊಳಗಿನ ಬೀದಿ, ಚರಂಡಿ ಗ್ರಾಮ ಪಂಚಾಯಿತಿಗೆ ಸೇರಿದ್ದು. ಸಂವಿಧಾನದ ಹನ್ನೊಂದನೇ ಅನುಸೂಚಿಯ 13ನೇ ಬಾಬ್ತಿನಲ್ಲಿ ರಸ್ತೆ, ಮೋರಿ, ಸೇತುವೆಗಳನ್ನು ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳ ಪಟ್ಟಿಗೆ ಸೇರಿಸಲಾಗಿದೆ. ವಿಷಯ ಬಂತು, ಅದಕ್ಕೆ ತಕ್ಕ ಹಣ ಬರಲಿಲ್ಲ ಎಂಬುದು ಪಂಚಾಯಿತಿಯವರ ಹಳೆಯ ದೂರು. ಅದರಲ್ಲಿ ಹುರುಳೂ ಇದೆ.

ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಯಾದರೆ ಪತ್ತೆ ಸುಲಭ. 2000ದ ಡಿಸೆಂಬರ್ 25ರಂದು ಆರಂಭವಾದ ಈ ಯೋಜನೆಯಲ್ಲಿ ರಸ್ತೆ ಕಟ್ಟಿದ ಗುತ್ತಿಗೆದಾರನೇ ಐದು ವರ್ಷ ನಿರ್ವಹಣೆಯನ್ನೂ ಮಾಡಬೇಕು. ಎರಡಕ್ಕೂ ಒಂದೇ ಟೆಂಡರು. ರಸ್ತೆಯ ಆರಂಭದಲ್ಲಿ ನಿಲ್ಲಿಸಿರುವ ಫಲಕದಲ್ಲಿ ಉದ್ದ, ವೆಚ್ಚ, ಕಾಮಗಾರಿ ಮುಗಿದ ದಿನಾಂಕ, ಗುತ್ತಿಗೆದಾರನ ಹೆಸರಿನ ಜೊತೆಗೆ ಐದೂ ವರ್ಷಗಳ ನಿರ್ವಹಣಾ ಮೊತ್ತವನ್ನು ವರ್ಷವಾರು ಬರೆದಿರಬೇಕು. ಆ ಫಲಕವನ್ನು ಇಂದೇ ಫೋಟೊ ತೆಗೆದಿಟ್ಟುಕೊಳ್ಳಿ, ಯಾಕೆಂದರೆ ರಸ್ತೆಗಿಂತ ಮೊದಲು ಬಣ್ಣ ಮಾಸುವುದು ಅದೇ. ನಿರ್ವಹಣೆಯ ಬಿಲ್ಲು ಈಗ ‘ಇ-ಮಾರ್ಗ್’ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ ಪಾವತಿಯಾಗುತ್ತದೆ. ಇಂಜಿನಿಯರ್ ಸ್ಥಳಕ್ಕೆ ಹೋಗಿ ಜಿಪಿಎಸ್ ಗುರುತಿನ ಫೋಟೊ ಹಾಕಬೇಕು, ರಸ್ತೆಯ ಸ್ಥಿತಿ ನೋಡಿ ಹಣ ಕಡಿತವಾಗಬೇಕು. ಹಾಗಾಗಿ ಐದು ವರ್ಷದೊಳಗಿನ ರಸ್ತೆಗೆ ‘ಅನುದಾನ ಬಂದಿಲ್ಲ’ ಎಂಬ ಉತ್ತರ ಒಪ್ಪತಕ್ಕದ್ದಲ್ಲ. ಹಣ ಟೆಂಡರಿನಲ್ಲೇ ಇದೆ.

ತೊಂದರೆ ಶುರುವಾಗುವುದು ಆರನೇ ವರ್ಷಕ್ಕೆ. ಆಗ ರಸ್ತೆಯ ಮೇಲ್ಪದರ ನವೀಕರಿಸಿ ಮತ್ತೊಂದು ನಿರ್ವಹಣಾ ಗುತ್ತಿಗೆಗೆ ಒಳಪಡಿಸುವುದು ರಾಜ್ಯದ ಹೊಣೆ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ನಾಲ್ಕನೇ ಹಂತದ ಯೋಜನೆಗೆ 62,500 ಕಿ.ಮೀ. ಹೊಸ ರಸ್ತೆಯ ಗುರಿ, 70,125 ಕೋಟಿ ರೂಪಾಯಿಯ ಅಂದಾಜು ಇದೆ. ಹೊಸ ರಸ್ತೆಗೆ ಶಂಕುಸ್ಥಾಪನೆ ಇರುತ್ತದೆ, ಮೋರಿಯ ಹೂಳೆತ್ತಿದ್ದಕ್ಕೆ ಯಾರೂ ಟೇಪು ಕತ್ತರಿಸುವುದಿಲ್ಲ. ಆರನೇ ವರ್ಷದ ನವೀಕರಣ ತಪ್ಪಿದರೆ ಎಂಟು-ಹತ್ತನೇ ವರ್ಷಕ್ಕೆ ನೀರು ಜಲ್ಲಿಯ ಪದರಕ್ಕೆ ಇಳಿದಿರುತ್ತದೆ. ಆಮೇಲೆ 20 ಮಿ.ಮೀ. ಡಾಂಬರಿನಿಂದ ಆಗುವ ಕೆಲಸವಲ್ಲ, ಬುಡದಿಂದ ಕಟ್ಟಬೇಕು.

ಕೆಡುವುದು ಹೇಗೆಂದು ನೋಡಿದರೆ ಮಾಡಿಸಬೇಕಾದ ಕೆಲಸ ತಾನಾಗಿ ತಿಳಿಯುತ್ತದೆ. 3.75 ಮೀಟರ್ ಅಗಲದ ಡಾಂಬರು ರಸ್ತೆಗೆ ನಡುವಿನಿಂದ ಎರಡೂ ಅಂಚಿಗೆ ಶೇ 3ರಿಂದ 3.5ರಷ್ಟು ಇಳಿಜಾರು ಬೇಕು, ಮಳೆ ಹೆಚ್ಚಿರುವಲ್ಲಿ ಎರಡನೆಯದು. ಅಂದರೆ ಅಂಚು ನಡುವಿಗಿಂತ 5.5ರಿಂದ 6.5 ಸೆಂ.ಮೀ. ತಗ್ಗಿನಲ್ಲಿರಬೇಕು. ರಸ್ತೆಗೆ ಅಡ್ಡಲಾಗಿ, ನಡುವಿನ ಎತ್ತರಕ್ಕೆ ಮಟ್ಟವಾಗಿ ದಾರ ಹಿಡಿದು ಅಂಚಿನಲ್ಲಿ ಸ್ಕೇಲು ಇಟ್ಟರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಡಾಂಬರಿನಾಚೆಯ ಮಣ್ಣಿನ ಬದಿ ಇನ್ನೂ ಒಂದು ಶೇಕಡಾ ಹೆಚ್ಚು ಇಳಿಜಾರಾಗಿರಬೇಕು. ನಮ್ಮ ಹೆಚ್ಚಿನ ಹಳ್ಳಿ ರಸ್ತೆಗಳಲ್ಲಿ ತದ್ವಿರುದ್ಧ: ಟ್ರ್ಯಾಕ್ಟರ್ ಚಕ್ರದ ಮಣ್ಣು ಸೇರಿ, ಹುಲ್ಲು ಬೇರುಬಿಟ್ಟು ಬದಿಯೇ ರಸ್ತೆಗಿಂತ ಎತ್ತರವಾಗಿದೆ. ಮಳೆ ನೀರು ಚರಂಡಿಗೆ ಹೋಗದೆ ಡಾಂಬರಿನ ಅಂಚಿನಲ್ಲೇ ನಿಲ್ಲುತ್ತದೆ, ಅಂಚು ತಿನ್ನುತ್ತಾ ಒಳಗೆ ಬರುತ್ತದೆ. ಎರೆಮಣ್ಣಿನ ಸೀಮೆಯಲ್ಲಿ ಇದರ ಪರಿಣಾಮ ಇಮ್ಮಡಿ. ಅಲ್ಲಿ ಮಣ್ಣು ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ರಸ್ತೆ ಉದ್ದಕ್ಕೂ ಸೀಳು ಬಿಡುತ್ತದೆ. ಅಂಥ ಕಡೆ ಬದಿಗೆ ಹೊಲದ ಮಣ್ಣು ಎಳೆದು ಹಾಕುವುದು ಕೆಲಸವೇ ಅಲ್ಲ, ಗರಸು ಹಾಕಿ ರೋಲರ್ ಓಡಿಸಬೇಕು.

ಇನ್ನು ಭಾರದ ಮಾತು. ಗ್ರಾಮೀಣ ರಸ್ತೆ ಡಾಂಬರು, ಜಲ್ಲಿ, ಗರಸು ಎಲ್ಲ ಸೇರಿ ಹೆಚ್ಚೂಕಡಿಮೆ 30 ಸೆಂ.ಮೀ. ದಪ್ಪ. ಅಚ್ಚಿನ ಮೇಲಿನ ಭಾರ ಹೆಚ್ಚಿದಂತೆ ಹಾನಿ ಅದರ ನಾಲ್ಕನೇ ಘಾತದಲ್ಲಿ ಏರುತ್ತದೆ. ಒಂದೂವರೆ ಪಟ್ಟು ಹೇರಿದ ಎಂ-ಸ್ಯಾಂಡ್ ಟಿಪ್ಪರ್ ಒಂದು ಸಲ ಹೋದರೆ ಸರಿಯಾದ ಭಾರದ ಟಿಪ್ಪರ್ ಐದು ಸಲ ಓಡಾಡಿದಷ್ಟು ಹಾನಿ. ಕ್ರಷರ್ ಇರುವ ಊರಿನ ರಸ್ತೆ ಯಾಕೆ ಎರಡು ಮಳೆಗಾಲ ದಾಟುವುದಿಲ್ಲ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ತೇಪೆ ಹಾಕುವಾಗ ನಿಂತು ನೋಡಿ. ಗುಂಡಿಯ ಸಡಿಲ ಅಂಚನ್ನು ಗಟ್ಟಿ ಡಾಂಬರು ಸಿಗುವವರೆಗೆ ಚೌಕವಾಗಿ, ನೆಟ್ಟಗೆ ಕತ್ತರಿಸಬೇಕು. ಕೆಳಗಿನ ಜಲ್ಲಿ ಅಲ್ಲಾಡುತ್ತಿದ್ದರೆ ಅದನ್ನೂ ತೆಗೆಯಬೇಕು. ನೀರು, ಧೂಳು ಹೊರಹಾಕಿ ತಳಕ್ಕೂ ಪಕ್ಕದ ಗೋಡೆಗಳಿಗೂ ಎಮಲ್ಷನ್ (ನೀರಿನಲ್ಲಿ ಬೆರೆಸಿದ ಡಾಂಬರು) ಬಳಿದು, ಅದು ಕಂದು ಬಣ್ಣದಿಂದ ಕಪ್ಪಿಗೆ ತಿರುಗಿದ ಮೇಲೆ ಮಿಶ್ರಣ ತುಂಬಬೇಕು. ಆಳ 7.5 ಸೆಂ.ಮೀ. ಮೀರಿದರೆ ಎರಡು ಪದರವಾಗಿ ಹಾಕಿ ಒಂದೊಂದನ್ನೂ ಬೇರೆಯಾಗಿ ಅದುಮಬೇಕು. ಅದುಮುವುದು ಅಂಚಿನಿಂದ ನಡುವಿಗೆ. ಕೊನೆಗೆ ತೇಪೆ ರಸ್ತೆಗಿಂತ ಕೆಲವೇ ಮಿ.ಮೀ. ಎತ್ತರ ಉಳಿದರೆ ವಾಹನ ಓಡಿ ಸಮವಾಗುತ್ತದೆ. ಪ್ರಮಾಣದ ಲೆಕ್ಕವೂ ಇಟ್ಟುಕೊಳ್ಳಿ: ಒಂದು ಮೀಟರ್ ಉದ್ದಗಲ, 7.5 ಸೆಂ.ಮೀ. ಆಳದ ಗುಂಡಿ ಸುಮಾರು 165 ಕೆ.ಜಿ. ಮಿಶ್ರಣ ನುಂಗುತ್ತದೆ, ಏಳೆಂಟು ಬಾಂಡ್ಲಿ. ಎರಡು ಬಾಂಡ್ಲಿ ಸುರಿದು ಸಲಿಕೆಯ ಬೆನ್ನಿನಿಂದ ತಟ್ಟಿ ಹೋದರೆ ಅದು ಮುಂದಿನ ಮಳೆಗೇ ಏಳುತ್ತದೆ. ನಿಂತ ನೀರಿನ ಮೇಲೆ ಸುರಿದದ್ದಂತೂ ಅಷ್ಟು ದಿನವೂ ಇರುವುದಿಲ್ಲ.

ಸಿಮೆಂಟ್ ರಸ್ತೆಗಳದ್ದು ಇನ್ನೊಂದು ಕಥೆ. ಜಲಜೀವನ್ ಮಿಷನ್ ಕೊಳವೆಗಾಗಿ ಊರೂರಲ್ಲಿ ಕಾಂಕ್ರೀಟ್ ಕತ್ತರಿಸಲಾಯಿತು. ಎಷ್ಟೋ ಕಡೆ ತೋಡಿದ ಮಣ್ಣನ್ನೇ ಒಮ್ಮೆಗೇ ತಳ್ಳಿ ಮೇಲೆ ತೆಳುವಾಗಿ ಗಾರೆ ಎಳೆದಿದ್ದಾರೆ. ಪದರಪದರವಾಗಿ ಅದುಮದ ಮಣ್ಣು ಕುಸಿದೇ ಕುಸಿಯುತ್ತದೆ. ಅಗೆದದ್ದನ್ನು ಮೊದಲಿನಂತೆ ಮಾಡಿಕೊಡುವುದು ಅಗೆದವರ ಬಾಧ್ಯತೆ. ಆ ಬಾಬ್ತು ಎಸ್ಟಿಮೇಟಿನಲ್ಲಿ ಇದೆಯೇ, ಬಿಲ್ಲು ಆಗಿದೆಯೇ ಎಂದು ಪಂಚಾಯಿತಿ ಕೇಳಬೇಕು. ತನ್ನ ನಿಧಿಯಿಂದ ತೇಪೆ ಹಾಕಿಸಿ ಸುಮ್ಮನಾಗಬಾರದು.

ಮೋರಿಗಳಿಗೆ ಬರೋಣ. ರಸ್ತೆ ಕೊಚ್ಚಿಹೋದ ಬಹುಪಾಲು ಕಡೆ ತಪ್ಪಿತಸ್ಥ ಸ್ಥಾನದಲ್ಲಿ ಕಟ್ಟಿಕೊಂಡ ಹ್ಯೂಮ್ ಪೈಪು (ಮೋರಿಯ ಕಾಂಕ್ರೀಟ್ ಕೊಳವೆ) ಇರುತ್ತದೆ. ಪೈಪಿನ ಕೆಳಗಿನ ಅರ್ಧ ಹೂಳು ತುಂಬಿದರೆ ನೀರು ಸಾಗಿಸುವ ಶಕ್ತಿ ಅರ್ಧಕ್ಕಲ್ಲ, ಮೂರನೇ ಒಂದು ಭಾಗದ ಆಸುಪಾಸಿಗೆ ಬೀಳುತ್ತದೆ. ಹರಿಯುವ ಜಾಗ ಕಡಿಮೆಯಾಗುವುದರ ಜೊತೆಗೆ, ಉಳಿದ ಜಾಗಕ್ಕೆ ಹೋಲಿಸಿದರೆ ಉಜ್ಜುವ ಮೈ ಹೆಚ್ಚುತ್ತದೆ. ಇನ್ನೊಂದು ತಪ್ಪು ಎಣಿಕೆ: ಒಂದು ಮೀಟರ್ ವ್ಯಾಸದ ಪೈಪಿನ ಬದಲು 600 ಮಿ.ಮೀ.ನ ಎರಡು ಹಾಕಿದರಾಯಿತು ಎಂಬುದು. ದೊಡ್ಡ ಪೈಪು ಸಣ್ಣದರ ಸುಮಾರು ನಾಲ್ಕು ಪಟ್ಟು ನೀರು ಒಯ್ಯುತ್ತದೆ, ಒಳಗೆ ಆಳು ತೆವಳಿ ಹೂಳು ಎಳೆಯಲೂ ಬರುತ್ತದೆ. 600ರದ್ದು ಒಮ್ಮೆ ಕಟ್ಟಿದರೆ ಅಗೆದೇ ತೆಗೆಯಬೇಕು. ಹೂಳೆತ್ತುವ ಕೆಲಸ ಮೇ ಮುಗಿಯುವುದರೊಳಗೆ ಒಮ್ಮೆ, ಮೊದಲ ದೊಡ್ಡ ಮಳೆಯ ನಂತರ ಇನ್ನೊಮ್ಮೆ ಆಗಬೇಕು. ಮೊದಲ ಮಳೆ ಹೊಲದ ಕಸಕಡ್ಡಿಯನ್ನೆಲ್ಲ ತರುತ್ತದೆ, ಎರಡನೇ ಸಲವೇ ಹೆಚ್ಚು ಮುಖ್ಯ. ಎತ್ತಿದ ಹೂಳನ್ನು ಚರಂಡಿಯ ದಂಡೆಗೇ ಗುಡ್ಡೆ ಹಾಕಿದರೆ ಅದು ವಾರದಲ್ಲಿ ಮರಳಿ ಒಳಗೆ.

ಸೇತುವೆಯಲ್ಲಿ ಜನ ನೋಡುವುದು ಮುರಿದ ಕೈಪಿಡಿಗೋಡೆಯನ್ನು. ಸೇತುವೆ ಬೀಳುವುದು ಹೆಚ್ಚಾಗಿ ಬುಡದ ಕೊರೆತದಿಂದ. ಪ್ರವಾಹದಲ್ಲಿ ಕಂಬದ ಸುತ್ತ ಮರಳು ಕೊಚ್ಚಿ ಹೊಂಡವಾಗುತ್ತದೆ, ನೀರಿಳಿಯುವಾಗ ಅದೇ ಹೊಂಡದಲ್ಲಿ ಸಡಿಲ ಮರಳು ತುಂಬಿಕೊಳ್ಳುತ್ತದೆ. ಬೇಸಿಗೆಯಲ್ಲಿ ನೋಡಿದವರಿಗೆ ಎಲ್ಲ ಸರಿಯಿದ್ದಂತೆ ಕಾಣುತ್ತದೆ. ಅದಕ್ಕೇ ಕಬ್ಬಿಣದ ಸರಳು ಚುಚ್ಚಿ ನೋಡಬೇಕು. ಕಂಬದ ಬಳಿ ಸಲೀಸಾಗಿ ಇಳಿದು, ನಾಲ್ಕು ಮೀಟರ್ ಆಚೆ ಇಳಿಯದಿದ್ದರೆ ಅಲ್ಲಿ ಕೊರೆತವಾಗಿದೆ ಎಂದು ಅನುಮಾನಿಸಬೇಕು. ಕೆಳಗಡೆ ಮರಳು ತೆಗೆದ ಹಳ್ಳಗಳಲ್ಲಿ ಪಾತ್ರವೇ ಇಳಿದು ತಳಪಾಯದ ಮೇಲ್ಭಾಗ ಹೊರಬಿದ್ದಿರುತ್ತದೆ. ಅದಕ್ಕೆ ಸರಳು ಬೇಡ, ಕಣ್ಣೇ ಸಾಕು.

ಮಿಕ್ಕ ಲಕ್ಷಣಗಳನ್ನೂ ಊರಿನವರೇ ಗುರುತಿಸಬಹುದು. ಸೇತುವೆ ಸೇರುವಲ್ಲಿ ರಸ್ತೆ ತಗ್ಗಿ ವಾಹನ ‘ದಡಕ್’ ಎನ್ನುವುದು, ದಂಡೆಯ ಮಣ್ಣು ತಡೆಯುವ ರೆಕ್ಕೆಗೋಡೆ ಸೇತುವೆಯ ತುದಿ ಹೊತ್ತ ಮೂಲಗೋಡೆಯಿಂದ ಬಾಯಿಬಿಡುವುದು, ಸ್ಲ್ಯಾಬಿನ ಅಡಿಯಲ್ಲಿ ತುಕ್ಕಿನ ಕಂದು ಗೆರೆ, ಸುತ್ತಿಗೆಯಿಂದ ತಟ್ಟಿದರೆ ಟೊಳ್ಳು ಸದ್ದು. ಕಲ್ಲುಸಂದಿಯ ಅರಳಿ ಗಿಡವನ್ನು ಕತ್ತರಿಸಿ ಬಿಟ್ಟರೆ ಬೇರು ಇನ್ನಷ್ಟು ದಪ್ಪವಾಗುತ್ತದೆ. ಬೇರು ಕಿತ್ತು ಸಂದಿಗೆ ಗಾರೆ ತುಂಬಬೇಕು. ಬಿರುಕು ಕಂಡರೆ ಅದರ ಎರಡೂ ತುದಿಗೆ ಬಣ್ಣದಲ್ಲಿ ಗೆರೆ ಎಳೆದು ದಿನಾಂಕ ಬರೆಸಿ. ಮುಂದಿನ ತಪಾಸಣೆಗೆ ಗೆರೆ ದಾಟಿದ್ದರೆ ವಾದಕ್ಕೆ ಜಾಗವಿರುವುದಿಲ್ಲ. ಹಾಗೆಯೇ ಸೇತುವೆಯ ಮೇಲೆ ಡಾಂಬರಿನ ಮೇಲೆ ಡಾಂಬರು ಹೇರುವುದನ್ನು ತಡೆಯಬೇಕು. 20 ಮೀಟರ್ ಉದ್ದ, ಐದೂವರೆ ಮೀಟರ್ ಅಗಲದ ಸೇತುವೆಗೆ 5 ಸೆಂ.ಮೀ. ಪದರವೆಂದರೆ 12 ಟನ್ನಿಗೂ ಮೀರಿದ ಶಾಶ್ವತ ಹೊರೆ, ಜೊತೆಗೆ ನೀರಿನ ಕಿಂಡಿಗಳೂ ಮುಚ್ಚುತ್ತವೆ. 2024ರ ಆಗಸ್ಟಿನಲ್ಲಿ ಕಾರವಾರದ ಕಾಳಿ ನದಿಯ ಹಳೆ ಸೇತುವೆ, 2025ರ ಜುಲೈನಲ್ಲಿ ಗುಜರಾತಿನ ಗಂಭೀರಾ ಸೇತುವೆ ಕುಸಿದಾಗ ಎರಡಕ್ಕೂ ಸುಮಾರು ನಾಲ್ಕು ದಶಕದ ವಯಸ್ಸು. ಅದೇ ವಯಸ್ಸಿನ ಹಳ್ಳಿ ಸೇತುವೆಗಳು ಬೇಕಾದಷ್ಟಿವೆ.

ಕರಾವಳಿ, ಮಲೆನಾಡಿನಲ್ಲಿ ಕಿಂಡಿಗಳಿಗೆ ಹಲಗೆ ಹಾಕಿ ಹಳ್ಳದ ನೀರು ನಿಲ್ಲಿಸುವ ಕಿಂಡಿ ಅಣೆಕಟ್ಟಿನ ಮೇಲೆ ರಸ್ತೆ ಇದ್ದರೆ ಹೊಣೆ ಇನ್ನಷ್ಟು ಜಾರುತ್ತದೆ. ಅಣೆಕಟ್ಟು ಸಣ್ಣ ನೀರಾವರಿ ಇಲಾಖೆಯದ್ದು, ಮೇಲಿನ ದಾರಿ ಎಲ್ಲರದ್ದು. ಹಲಗೆಗಳನ್ನು ಮುಂಗಾರಿಗೆ ಮುಂಚೆ ತೆಗೆಯದಿದ್ದರೆ ತೇಲಿಬಂದ ಮರಗಳು ಕಿಂಡಿಗೆ ಸಿಕ್ಕಿ ನೀರು ಪಕ್ಕದ ದಂಡೆಯನ್ನೇ ಸೀಳುತ್ತದೆ. ಕಟ್ಟಡ ನಿಂತಿರುತ್ತದೆ, ಅದಕ್ಕೆ ಹೋಗುವ ದಾರಿ ಇರುವುದಿಲ್ಲ. ಹಲಗೆ ತೆಗೆಯುವವರು ಯಾರು, ಯಾವ ತಾರೀಕಿನೊಳಗೆ ಎಂಬುದನ್ನು ಮೇ ತಿಂಗಳ ಮೊದಲೇ ಬರಹದಲ್ಲಿ ಪಡೆದಿರಬೇಕು.

ಅರ್ಜಿ ಬರೆಯುವಾಗ ‘ರಸ್ತೆ ಹಾಳಾಗಿದೆ’ ಎಂದರೆ ಅದು ಕಡತ ಸೇರುತ್ತದೆ, ಅಷ್ಟೆ. ರಸ್ತೆಯ ಹೆಸರು, ಆರಂಭದಿಂದ ಎಷ್ಟು ಕಿ.ಮೀ.ನಲ್ಲಿ, ಎಡಕ್ಕೋ ಬಲಕ್ಕೋ, ಗುಂಡಿಯ ಉದ್ದ, ಅಗಲ, ಆಳ, ದಿನಾಂಕವಿರುವ ಫೋಟೊ ಇಷ್ಟೂ ಇರಲಿ. ಸ್ವೀಕೃತಿ ಮುದ್ರೆ ತಪ್ಪದೆ ಪಡೆಯಿರಿ. ಮಾಹಿತಿ ಹಕ್ಕು ಅರ್ಜಿಗೆ 10 ರೂಪಾಯಿ ಶುಲ್ಕ, 30 ದಿನದ ಗಡುವು. ಎಸ್ಟಿಮೇಟ್ ಮತ್ತು ಆದ ಕೆಲಸದ ಅಳತೆ ದಾಖಲಿಸುವ ಅಳತೆ ಪುಸ್ತಕದ ಪ್ರತಿ ಕೇಳಬಹುದು. ಕಾಯ್ದೆಯ 2(ಜೆ) ಪ್ರಕಾರ ಕಾಮಗಾರಿಯನ್ನು ಸ್ಥಳದಲ್ಲೇ ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಇದೆ, ಅದನ್ನು ಬಳಸುವವರು ಕಡಿಮೆ.

ಸ್ವೀಕೃತಿಗೆ ಇಷ್ಟು ಒತ್ತು ಕೊಡಲು ಕಾರಣವಿದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 198ಎ ಕಲಮಿನಡಿ, ನಿರ್ವಹಣೆಯ ಮಾನದಂಡ ಪಾಲಿಸದ ಕಾರಣ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆ ಹೊತ್ತ ಪ್ರಾಧಿಕಾರ ಅಥವಾ ಗುತ್ತಿಗೆದಾರನಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ಮೊತ್ತ ಸಣ್ಣದು. ಆದರೆ ನ್ಯಾಯಾಲಯ ಗಮನಿಸಬೇಕಾದ ಅಂಶಗಳಲ್ಲಿ, ರಸ್ತೆ ಅಪಾಯಕಾರಿ ಎಂಬುದು ಪ್ರಾಧಿಕಾರಕ್ಕೆ ಗೊತ್ತಿತ್ತೇ, ಎಚ್ಚರಿಕೆ ಫಲಕ ಹಾಕಿತ್ತೇ ಎಂಬುವೂ ಇವೆ. ಮೂರು ತಿಂಗಳ ಹಿಂದಿನ ಮುದ್ರೆ ಬಿದ್ದ ಅರ್ಜಿಯಿದ್ದರೆ ‘ನಮ್ಮ ಗಮನಕ್ಕೆ ಬಂದಿರಲಿಲ್ಲ’ ಎಂದು ಯಾವ ಕಚೇರಿಯೂ ಬರೆದುಕೊಡಲಾಗದು.