ಕಣ್ಣಿಗೆ ರೂಢಿಯಾದ ಅಕ್ಷರ: ಜರ್ಮನಿಯ ಲಿಪಿವಿವಾದದ ಹಿನ್ನೆಲೆ

ಓದುವಾಗ ಅಕ್ಷರದ ಆಕಾರ ನಮ್ಮ ಗಮನಕ್ಕೆ ಬರುವುದೇ ಅಪರೂಪ. ರೂಢಿಯ ರೂಪ ಬದಲಾದಾಗ ಮಾತ್ರ ಕಣ್ಣು ಎಡವುತ್ತದೆ. ಓದಲು ಸುಲಭವೆನಿಸುವ ಗುಣ ಅಕ್ಷರದಲ್ಲಿರುವಷ್ಟೇ ಓದುಗನ ಅಭ್ಯಾಸದಲ್ಲೂ ಇದೆ ಎಂಬುದಕ್ಕೆ, ಕೋನಗಳ ಅಕ್ಷರವೋ ದುಂಡಕ್ಷರವೋ ಎಂಬ ಜರ್ಮನ್ನರ ಲಿಪಿವಿವಾದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವನ್ನು ನಾನು ಕಾಣೆ.

1450ರ ದಶಕದಲ್ಲಿ ಬೈಬಲ್ ಮುದ್ರಿಸಿದ ಗುಟೆನ್‌ಬರ್ಗ್, ಅಂದಿನ ಲಿಪಿಕಾರರ ಒತ್ತೊತ್ತಾದ, ಕೋನಗಳುಳ್ಳ ಕೈಬರಹವನ್ನೇ ಅಚ್ಚುಮೊಳೆಗಳಿಗೆ ಮಾದರಿಯಾಗಿಟ್ಟುಕೊಂಡನು. ಇಟಲಿಯ ವಿದ್ವಾಂಸರಿಗೆ ಒಪ್ಪಿಗೆಯಾದದ್ದು ಹಳೆಯ ಹಸ್ತಪ್ರತಿಗಳ ದುಂಡನೆಯ ಬರಹ. ಅದು ಪ್ರಾಚೀನ ರೋಮನ್ನರದೆಂದು ಅವರು ನಂಬಿದ್ದರೂ, ವಾಸ್ತವದಲ್ಲಿ ಎಂಟನೆಯ ಶತಮಾನದ ಕೊನೆಯಲ್ಲಿ, ಶಾರ್ಲಮೇನ್ ದೊರೆಯ ಆಳ್ವಿಕೆಯಲ್ಲಿ ರೂಪುಗೊಂಡ ಬರಹವಾಗಿತ್ತು. 1470ರಲ್ಲಿ ವೆನಿಸ್‌ನಲ್ಲಿ ನಿಕೊಲಾ ಜೆನ್ಸನ್ ಆ ಮಾದರಿಗೆ ಕೊಟ್ಟ ಅಚ್ಚಿನ ರೂಪ ಇಂದಿನ ರೋಮನ್ ಅಕ್ಷರಗಳ ಹಿರಿಯ.

ಯುರೋಪಿನ ಬಹುಭಾಗ ಕ್ರಮೇಣ ದುಂಡಕ್ಷರಕ್ಕೆ ಹೊರಳಿದರೂ ಜರ್ಮನ್ ಮುದ್ರಕರು ಎರಡನ್ನೂ ಉಳಿಸಿಕೊಂಡರು. ಜರ್ಮನ್ ಮಾತುಗಳನ್ನು ಫ್ರಾಕ್ಟೂರ್ ಎಂಬ ಮುರಿದ ಗೆರೆಗಳ ಅಕ್ಷರದಲ್ಲಿಯೂ, ನಡುವೆ ಬರುವ ಲ್ಯಾಟಿನ್ ಮತ್ತು ಫ್ರೆಂಚ್ ಪದಗಳನ್ನು ಆಂಟಿಕ್ವಾ ಎಂಬ ದುಂಡಕ್ಷರದಲ್ಲಿಯೂ ಜೋಡಿಸುವುದು ಪದ್ಧತಿಯಾಯಿತು. ಹೀಗಾಗಿ ಪದ ಯಾವ ಭಾಷೆಯದೆಂದು ಓದುವುದಕ್ಕೂ ಮೊದಲೇ ಕಣ್ಣಿಗೆ ತಿಳಿಯುತ್ತಿತ್ತು. ಫ್ರಾಕ್ಟೂರ್‌ನಲ್ಲಿ 'ಎಸ್' ಅಕ್ಷರಕ್ಕೆ ಉದ್ದ ಮತ್ತು ಗಿಡ್ಡ ಎಂಬ ಎರಡು ರೂಪಗಳಿದ್ದು, ಗಿಡ್ಡದ್ದು ಪದದ ಅಂತ್ಯಕ್ಕೆ ಬರುವುದರಿಂದ ಉದ್ದನೆಯ ಸಮಾಸಪದಗಳನ್ನು ಎಲ್ಲಿ ಬಿಡಿಸಬೇಕೆಂಬುದೂ ಹಲವೆಡೆ ಗೋಚರಿಸುತ್ತಿತ್ತು. ಈ ಅನುಕೂಲವನ್ನು ಬರೀ ಹಳೆಯದರ ಮೋಹವೆಂದು ತಳ್ಳಿಹಾಕುವುದು ಅನ್ಯಾಯ.

ಹತ್ತೊಂಬತ್ತನೆಯ ಶತಮಾನದಲ್ಲಿ ರಾಷ್ಟ್ರೀಯತೆ ಬಲಿತಂತೆ ಫ್ರಾಕ್ಟೂರ್ ಜರ್ಮನ್‌ತನದ ಗುರುತಾಯಿತು. ಆಂಟಿಕ್ವಾವನ್ನು ಅಧಿಕೃತಗೊಳಿಸುವ ಪ್ರಸ್ತಾಪ 1911ರಲ್ಲಿ ಸಂಸತ್ತಿನ ಮುಂದೆ ಬಂದು ಬಿದ್ದುಹೋಯಿತು. ನಾತ್ಸಿಗಳೂ ಮೊದಲು ಫ್ರಾಕ್ಟೂರ್ ಅನ್ನು ಮೆರೆಸಿದರು. ಆದರೆ 1941ರ ಜನವರಿ 3ರಂದು ನಾತ್ಸಿ ಪಕ್ಷದ ಹಿರಿಯ ಅಧಿಕಾರಿ ಮಾರ್ಟಿನ್ ಬೋರ್ಮನ್ ಹೊರಡಿಸಿದ ಸುತ್ತೋಲೆ ಅದನ್ನು ಯಹೂದಿ ಅಕ್ಷರಗಳಿಂದ ಹುಟ್ಟಿದ್ದೆಂದು ಹೇಳಿ ಕೈಬಿಡಲು ಆಜ್ಞಾಪಿಸಿತು. ಆ ಆರೋಪ ಶುದ್ಧ ಸುಳ್ಳು. ಆಕ್ರಮಿತ ದೇಶಗಳ ಜನರಿಗೆ ಫ್ರಾಕ್ಟೂರ್ ಓದಲು ಬಾರದೆಂಬ ಆಡಳಿತದ ತೊಡಕೂ ಈ ನಿರ್ಧಾರದ ಹಿಂದಿತ್ತೆಂದು ಇತಿಹಾಸಕಾರರು ವಿವರಿಸುತ್ತಾರೆ.

ಯುದ್ಧಾನಂತರ ಆಂಟಿಕ್ವಾವನ್ನೇ ಕಲಿತು ಬೆಳೆದವರಿಗೆ ಹಿರಿಯರ ಪುಸ್ತಕಗಳು ಕಷ್ಟದ ಓದಾದವು. ಆದರೂ ಫ್ರಾಂಕ್‌ಫುರ್ಟರ್ ಆಲ್ಗೆಮೈನೆ ಪತ್ರಿಕೆ 2007ರವರೆಗೂ ಅಭಿಪ್ರಾಯ ಲೇಖನಗಳ ಶೀರ್ಷಿಕೆಗಳನ್ನು ಫ್ರಾಕ್ಟೂರ್‌ನಲ್ಲಿ ಮುದ್ರಿಸುತ್ತಿತ್ತು. ಸುದ್ದಿಯಾವುದು, ಅಭಿಪ್ರಾಯವಾವುದು ಎಂಬುದನ್ನು ಅದರ ಓದುಗರು ಅಕ್ಷರದ ರೂಪದಿಂದಲೇ ಗುರುತಿಸುತ್ತಿದ್ದರು.