ಆಡುಸೋಗೆ: ಮದ್ದು ಉಳಿಯಿತು, ಎಚ್ಚರಿಕೆ ಊರು ಮುಟ್ಟಲಿಲ್ಲ

ಹೊಳಲ್ಕೆರೆ, ಚಿತ್ರದುರ್ಗದ ಕಡೆ ತೋಟದ ಬೇಲಿಗೆ ಆಡುಸೋಗೆ ನೆಡುವುದು ಕುರಿ, ಮೇಕೆ ಅದಕ್ಕೆ ಬಾಯಿ ಹಾಕುವುದಿಲ್ಲವೆಂದು. ಕೆಮ್ಮು ಬಂದರೆ ಅದೇ ಬೇಲಿಯ ಎಲೆಯನ್ನು ಹಂಚಿನ ಮೇಲೆ ಬಾಡಿಸಿ, ರಸ ಹಿಂಡಿ, ಜೇನುತುಪ್ಪ ಬೆರೆಸಿ ಕುಡಿಸುತ್ತಾರೆ. ಹಸಿ ಎಲೆ ಹಿಂಡಿದರೆ ರಸ ಸುಲಭಕ್ಕೆ ಇಳಿಯುವುದಿಲ್ಲ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ರಾಸಾಯನಿಕ ಬೆರೆತ ಕೆಮ್ಮಿನ ಸಿರಪ್‌ಗೆ ಮಕ್ಕಳು ಬಲಿಯಾದ ಮೇಲಂತೂ 'ಸಿರಪ್ಪಿಗಿಂತ ಸೊಪ್ಪೇ ವಾಸಿ' ಎನ್ನುವವರ ಮಾತನ್ನು ತೆಗೆದುಹಾಕುವುದು ಕಷ್ಟ.

ಆದರೆ ಸೊಪ್ಪು, ಸಿರಪ್ಪು ಪೂರ್ತಿ ಬೇರೆಯಲ್ಲ. ಚರಕನ ಕಾಲದಲ್ಲಿ 'ವಾಸಾ' ಎನಿಸಿದ್ದ ಇದೇ ಆಡುಸೋಗೆಯಿಂದ 1888ರಲ್ಲಿ ಹೂಪರ್ ಎಂಬ ರಸಾಯನತಜ್ಞ ವ್ಯಾಸಿಸಿನ್ ಎಂಬ ಕ್ಷಾರಾಭವನ್ನು (ಆಲ್ಕಲಾಯ್ಡ್, ಗಿಡದ ಔಷಧೀಯ ಸತ್ವ) ಬೇರ್ಪಡಿಸಿದ. ಅದರ ರಚನೆಯ ಜಾಡು ಹಿಡಿದೇ 1960ರ ದಶಕದಲ್ಲಿ ಬ್ರೋಮ್‌ಹೆಕ್ಸಿನ್, ಆಮೇಲೆ ಆಂಬ್ರೋಕ್ಸಾಲ್ ಬಂದವು. ಇಂದು ಮೆಡಿಕಲ್ ಶಾಪಿನಲ್ಲಿ ಕಫ ಕರಗಿಸಲು ಕೊಡುವ ಎಷ್ಟೋ ಸಿರಪ್‌ಗಳಲ್ಲಿ ಇವೇ ಇರುತ್ತವೆ.

ಗೋಜಲು ಶುರುವಾಗುವುದು ಇಲ್ಲಿಂದ. ವ್ಯಾಸಿಸಿನ್ ಗಾಳಿಗೆ ತಾಗಿದರೆ ನಿಧಾನವಾಗಿ ವ್ಯಾಸಿಸಿನೋನ್ ಆಗುತ್ತದೆ. ಹಾಗಾಗಿ ಹಸಿ ಎಲೆ, ಒಣಗಿದ ಪುಡಿ ಎರಡೂ ಒಂದೇ ಮದ್ದಲ್ಲ. ಋತು ಬದಲಾದರೂ ಸತ್ವ ಬದಲಾಗುತ್ತದೆ. ವ್ಯಾಸಿಸಿನ್, ವ್ಯಾಸಿಸಿನೋನ್ ಎರಡರಲ್ಲಿ ಶ್ವಾಸನಾಳ ಹಿಗ್ಗಿಸುವುದು ಯಾವುದು ಎಂಬ ಬಗ್ಗೆ ಮೊದಮೊದಲ ಪ್ರಯೋಗಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಅಷ್ಟರಲ್ಲಿ ಜಮ್ಮುವಿನ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯದವರು ಇನ್ನೊಂದು ಗುಣ ಕಂಡರು: ವ್ಯಾಸಿಸಿನ್ ಗರ್ಭಕೋಶವನ್ನು ಸಂಕುಚಿಸುತ್ತದೆ. ಗಿನಿ ಹಂದಿಗಳಲ್ಲಿ ಗರ್ಭಪಾತವೂ ಆಯಿತು. 1980ರಲ್ಲಿ ಅದು ಅಚ್ಚಾಗಿಯೂ ಬಂತು. ಹೆರಿಗೆ ಸಲೀಸಾಗಲೆಂದು ಇದರ ಬೇರು ಅರೆದು ಹೊಕ್ಕುಳ ಸುತ್ತ ಹಚ್ಚುವ ಪದ್ಧತಿ ಆಯುರ್ವೇದದಲ್ಲಿ ಮೊದಲೇ ಇತ್ತು. ಹಳಬರ ತಿಳಿವಳಿಕೆ ಅಷ್ಟು ಸೂಕ್ಷ್ಮವಾದದ್ದು.

ಆದರೆ ಗರ್ಭಕೋಶದ ಮೇಲಿನ ಪರಿಣಾಮದ ಆ ಅರ್ಧ ಮಾತ್ರ ಬಾಯಿಂದ ಬಾಯಿಗೆ ದಾಟಲಿಲ್ಲ. 'ಕೆಮ್ಮಿಗೆ ಒಳ್ಳೇದು' ಎಂಬುದು ಎಲ್ಲರಿಗೂ ಗೊತ್ತು, 'ಬಸುರಿಗೆ ಬೇಡ' ಎಂಬುದು ಎಷ್ಟೋ ಮನೆಗಳಿಗೆ ತಲುಪಿಲ್ಲ. ಪ್ರಮಾಣದ್ದೂ ಇದೇ ಪಾಡು. ಆಯುರ್ವೇದ ಫಾರ್ಮಕೊಪಿಯಾ (ಅಧಿಕೃತ ಔಷಧಕೋಶ) ಹೇಳುವುದು 10ರಿಂದ 20 ಮಿ.ಲೀ. ರಸ, ಅದನ್ನು ಲೋಟದ ಲೆಕ್ಕದಲ್ಲಿ ಕುಡಿಯುವುದು, ಮಕ್ಕಳಿಗೆ ಅಂದಾಜಿನ ಮೇಲೆ ಕುಡಿಸುವುದು ಸಲ್ಲದು. ಎರಡು ವಾರ ದಾಟಿದ ಕೆಮ್ಮಿಗೆ ಕಷಾಯ ಮುಂದುವರಿಸದೆ ಕಫ ಪರೀಕ್ಷೆ ಮಾಡಿಸಬೇಕು, ಅದು ಕ್ಷಯವಿರಬಹುದು.

ಆಡುಸೋಗೆಯನ್ನು ಬೇಲಿಯಿಂದ ಕಿತ್ತೊಗೆಯಬೇಕಿಲ್ಲ. ಬಸುರಿಯರ ತಾಯಿ ಕಾರ್ಡ್ ತುಂಬಿಸುವಾಗ 'ಮನೆಮದ್ದು ಏನೇನು ಕುಡೀತೀಯಮ್ಮ?' ಎಂದೊಂದು ಪ್ರಶ್ನೆ ಸೇರಿಸಿದರೂ ಅರ್ಧ ಕೆಲಸ ಆದಂತೆ.